ರಾಶಿ ಹಾಕಿದ ಲಾಗು ಸಾಕ್ಷಿಯಾಗದು

ದೊಡ್ಡ ಸಾಫ್ಟ್‌ವೇರೊಂದನ್ನು ಒಡೆದು ಹತ್ತಾರು ಮೈಕ್ರೋಸರ್ವಿಸ್‌ಗಳಾಗಿ ಮಾಡುವ ಕೆಲಸ ಬೆಂಗಳೂರಿನ ಯಾವ ಕಂಪನಿಯಲ್ಲಿ ಶುರುವಾದರೂ ಒಂದು ಮಾತು ಚರ್ಚೆಯೇ ಇಲ್ಲದೆ ಪಾಸಾಗುತ್ತದೆ: ಎಲ್ಲ ಸೇವೆಗಳ ಎಲ್ಲ ಲಾಗನ್ನೂ ಕ್ಲೌಡ್‌ನಲ್ಲಿ ಒಂದೇ ಕಡೆ ತುಂಬಿಸೋಣ, ಬೇಕಾದದ್ದನ್ನು ಆಮೇಲೆ ಹುಡುಕಿಕೊಂಡರಾಯಿತು. ಯಾವ ಡೇಟಾಬೇಸ್, ಯಾವ ಸೇವೆ ಯಾವ ತಂಡದ ಪಾಲಿಗೆ ಎಂಬುದಕ್ಕೆಲ್ಲ ವಾರಗಟ್ಟಲೆ ಜಗಳ ನಡೆಯುತ್ತದೆ. ಲಾಗಿನ ಪಾಲಿಗೆ ಬರುವುದು ಒಂದು ಟಿಕೆಟ್, ಒಬ್ಬ ಎಂಜಿನಿಯರ್, ಎರಡು ದಿನ. ಪ್ರತಿ ಯಂತ್ರದ ಮೇಲೂ ಒಂದು ಏಜೆಂಟ್ ಕೂರಿಸಿ ಮುಗಿಸು ಎಂಬ ಸೂಚನೆ. ಈ ಸರ್ವಸಮ್ಮತ ನಂಬಿಕೆ ತಪ್ಪು, ಅಪಾಯಕಾರಿಯಾದ ತಪ್ಪು ಎಂಬುದು ನನ್ನ ವಾದ. ಲಾಗುಗಳನ್ನು ಒಂದೆಡೆ ತರುವುದಕ್ಕೆ ನನ್ನ ತಕರಾರಿಲ್ಲ. ಆರಿಸದೆ ತರುವುದಕ್ಕೆ, ತಂದು ಹಾಕಿದ ಮೇಲೆ ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಳ್ಳುವುದಕ್ಕೆ ನನ್ನ ವಿರೋಧ.

ಒಂದೆಡೆ ತರಲೇಬೇಕಾದ ಕಾರಣಗಳು ಗಟ್ಟಿಯಾಗಿಯೇ ಇವೆ. ಒಂದೇ ಸರ್ವರ್ ಇದ್ದ ಕಾಲದಲ್ಲಿ ಅದರೊಳಗೆ ಲಾಗಿನ್ ಆಗಿ, ಫೈಲು ತೆರೆದು, ಗ್ರೆಪ್ ಹಾಕಿದರೆ ಸಾಕಿತ್ತು. ಅಪ್ಲಿಕೇಶನ್ ತನ್ನ ಲಾಗ್ ಫೈಲಿನ ಯೋಗಕ್ಷೇಮ ನೋಡಿಕೊಳ್ಳಬಾರದು, ನಡೆದದ್ದನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಸುರಿದು ಸುಮ್ಮನಿರಬೇಕು ಎಂದು ಹೆರೋಕು ಕಂಪನಿಯವರು 2011ರಲ್ಲಿ ರೂಪಿಸಿದ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಸೂತ್ರಗಳು ಹೇಳಿದವು. ಕಂಟೇನರ್ ಬಂದ ಮೇಲೆ ಆ ಸೂತ್ರ ಅನಿವಾರ್ಯವಾಯಿತು. ಕುಬರ್ನೆಟೀಸ್‌ನ ಮೂಲ ಸೆಟ್ಟಿಂಗಿನಲ್ಲಿ ಕಂಟೇನರಿನ ಲಾಗ್ ಫೈಲು 10 ಎಂಬಿ ಮುಟ್ಟಿದರೆ ಹೊಸ ಫೈಲು ಶುರುವಾಗುತ್ತದೆ, ಹೆಚ್ಚೆಂದರೆ 5 ಫೈಲು ಉಳಿಯುತ್ತವೆ. ಪಾಡ್ ಅಳಿಸಿಹೋದರೆ ಅವೂ ಹೋದವು. ತೊಂದರೆಗೆ ಸಿಕ್ಕ ಪಾಡೇ ಸಾಮಾನ್ಯವಾಗಿ ಮೊದಲು ಸಾಯುವುದು, ಸಾಯುವಾಗ ಸುಳಿವನ್ನೂ ಜೊತೆಗೇ ಒಯ್ಯುವುದು. ಹಾಗಾಗಿ ಲಾಗು ಹುಟ್ಟಿದ ಜಾಗದಿಂದ ಬೇರೆ ಕಡೆಗೆ ಸಾಗಬೇಕು, ನಿಜ. ಆದರೆ ‘ಸಾಗಬೇಕು’ ಎಂಬಲ್ಲಿಂದ ‘ಎಲ್ಲವೂ ಸಾಗಬೇಕು’ ಎಂಬಲ್ಲಿಗೆ ನಾವು ಯಾವ ಸಮರ್ಥನೆಯೂ ಇಲ್ಲದೆ ಜಿಗಿದುಬಿಟ್ಟೆವು.

ಈ ಜಿಗಿತದಿಂದ ಆಗುವ ಮೊದಲ ನಷ್ಟವೆಂದರೆ ಹುಡುಕಿದ್ದು ಸಿಗದಿರುವುದು. ಗ್ರಾಹಕಿಯೊಬ್ಬಳು ಯುಪಿಐನಲ್ಲಿ ಹಣ ಕಟ್ಟಿದ್ದಾಳೆ, ಖಾತೆಯಿಂದ ಹಣ ಹೋಗಿದೆ, ಆರ್ಡರ್ ಮಾತ್ರ ದಾಖಲಾಗಿಲ್ಲ ಎಂದುಕೊಳ್ಳಿ. ರಾತ್ರಿ ಆನ್‌ಕಾಲ್ ಇರುವ ಎಂಜಿನಿಯರ್ ಲಾಗು ಹುಡುಕುವ ಕಿಬಾನಾ ತೆರೆದು ಆರ್ಡರ್ ಸಂಖ್ಯೆ ಹಾಕಿ ಹುಡುಕುತ್ತಾನೆ. ಪೇಮೆಂಟ್ ಸೇವೆ ಆ ಸಂಖ್ಯೆಯನ್ನು ಒಂದು ಹೆಸರಿನ ಕಾಲಮ್ಮಿನಲ್ಲಿ ಬರೆದಿದೆ, ದಾಸ್ತಾನು ಸೇವೆ ಇನ್ನೊಂದು ಹೆಸರಿನಲ್ಲಿ. ಎಸ್ಎಂಎಸ್ ಕಳಿಸುವ ಸೇವೆ ಆರ್ಡರ್ ಸಂಖ್ಯೆ ಬರೆಯುವುದೇ ಇಲ್ಲ, ಫೋನ್ ನಂಬರ್ ಬರೆಯುತ್ತದೆ. ಹಳೆಯ ಜಾವಾ ಸೇವೆಯೊಂದು ‘ರಿಕ್ವೆಸ್ಟ್ ಬಂತು’, ‘ರಿಕ್ವೆಸ್ಟ್ ಮುಗಿಯಿತು’ ಎಂದಷ್ಟೇ ಹೇಳುತ್ತದೆ, ಯಾರ ರಿಕ್ವೆಸ್ಟ್ ಎಂದು ಹೇಳುವುದಿಲ್ಲ. ಟೈಮ್‌ಔಟ್ ಎಂದು ಹುಡುಕಿದರೆ ಸಾವಿರಾರು ಸಾಲು ಬರುತ್ತವೆ, ಏಕೆಂದರೆ ಎರಡನೇ ಯತ್ನದಲ್ಲಿ ಸರಿಹೋದ ಕರೆಗಳನ್ನೂ ಪ್ರತಿ ಸೇವೆ ‘ಎರರ್’ ಎಂದೇ ಬರೆದಿದೆ. ಒಂದೇ ಎಕ್ಸೆಪ್ಶನ್ನನ್ನು ಐದು ಪದರಗಳು ಐದು ಸಲ ಪೂರ್ತಿ ಸ್ಟ್ಯಾಕ್ ಟ್ರೇಸ್ ಸಮೇತ ಮುದ್ರಿಸಿವೆ. ಸಮಯದ ಪ್ರಕಾರ ಜೋಡಿಸೋಣವೆಂದರೆ ಯಂತ್ರಗಳ ಗಡಿಯಾರಗಳ ನಡುವೆ ಕೆಲವು ಮಿಲಿಸೆಕೆಂಡುಗಳ ವ್ಯತ್ಯಾಸವಿದ್ದು, ಉತ್ತರವು ಪ್ರಶ್ನೆಗಿಂತ ಮೊದಲೇ ಬಂದಂತೆ ಕಾಣುತ್ತದೆ. ನಡೆದದ್ದೆಲ್ಲ ಆ ಭಂಡಾರದಲ್ಲಿ ಇದೆ. ಅವನಿಗೆ ಬೇಕಾದ ಆ ಒಬ್ಬಳ ಕಥೆ ಮಾತ್ರ ಇಲ್ಲ.

ಆ ಕಥೆ ಸಿಗಬೇಕಾದರೆ ಪ್ರತಿ ಸಾಲಿನಲ್ಲೂ ಒಂದೇ ಟ್ರೇಸ್ ಐಡಿ ಇರಬೇಕು. ರಿಕ್ವೆಸ್ಟ್ ಹೊರಬಾಗಿಲಿಗೆ ಬಂದ ಕ್ಷಣದಲ್ಲೇ ಅದು ಹುಟ್ಟಿ, ಒಂದು ಸೇವೆಯಿಂದ ಇನ್ನೊಂದಕ್ಕೆ ಕೈದಾಟುತ್ತ ಹೋಗಬೇಕು. ಗೂಗಲ್ ತನ್ನ ‘ಡ್ಯಾಪರ್’ ವ್ಯವಸ್ಥೆಯ ಬಗ್ಗೆ 2010ರಲ್ಲೇ ಪ್ರಬಂಧ ಪ್ರಕಟಿಸಿ ಇದನ್ನು ವಿವರಿಸಿತ್ತು. ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಯೋಜನೆಗಳು ಕೂಡಿ 2019ರಲ್ಲಿ ಓಪನ್‌ಟೆಲಿಮೆಟ್ರಿ ಆಯಿತು. ಆ ಐಡಿಯನ್ನು ಎಚ್‌ಟಿಟಿಪಿ ಹೆಡರಿನಲ್ಲಿ ಹೇಗೆ ಒಯ್ಯಬೇಕೆಂಬ ಮಾನದಂಡವನ್ನು ಡಬ್ಲ್ಯು3ಸಿ 2020ರಲ್ಲಿ ಅಂಗೀಕರಿಸಿತು. ಇಷ್ಟಿದ್ದರೂ ಎಳೆ ಕಡಿಯುವ ಜಾಗಗಳು ಹಾಗೆಯೇ ಉಳಿದಿವೆ. ಕಾಫ್ಕಾ ಸರದಿಗೆ ಸಂದೇಶ ಹಾಕುವವರು ಐಡಿಯನ್ನು ಸಂದೇಶದ ಹೆಡರಿಗೆ ನಕಲು ಮಾಡುವುದಿಲ್ಲ. ಥ್ರೆಡ್ ಪೂಲಿಗೆ ಕೆಲಸ ವಹಿಸುವಾಗ ಅದು ಜಾರಿಹೋಗುತ್ತದೆ. ರಾತ್ರಿ ಓಡುವ ಬ್ಯಾಚಿಗೆ ಅದು ಇರುವುದೇ ಇಲ್ಲ. ಇವನ್ನೆಲ್ಲ ಸರಿಪಡಿಸುವುದು ಪ್ರತಿ ತಂಡದ ಕೋಡಿನೊಳಗೆ ಕೈಹಾಕಿ ಮಾಡಬೇಕಾದ, ಯಾರೂ ಬೆನ್ನು ತಟ್ಟದ ಕೆಲಸ. ಏಜೆಂಟ್ ಕೂರಿಸುವ ಟಿಕೆಟ್ಟಿನಲ್ಲಿ ಅದು ಎಲ್ಲೂ ಬರೆದಿರುವುದಿಲ್ಲ. ಕಣದಲ್ಲಿ ತೂರದೆ ಹಗೇವಿಗೆ ಸುರಿದ ಜೋಳದಲ್ಲಿ ಆಮೇಲೆ ಜೊಳ್ಳು ಆರಿಸುತ್ತ ಕೂರುವ ರೈತನನ್ನು ನಾನು ಕಂಡಿಲ್ಲ. ನಮ್ಮ ಕ್ಷೇತ್ರ ಅದನ್ನೇ ಪದ್ಧತಿ ಮಾಡಿಕೊಂಡಿದೆ.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಒಂದು ರಿಕ್ವೆಸ್ಟ್ 12 ಸೇವೆಗಳನ್ನು ಹಾದುಹೋಗಿ, ಪ್ರತಿ ಸೇವೆ 500 ಬೈಟಿನ 5 ಸಾಲು ಬರೆದರೆ 30 ಸಾವಿರ ಬೈಟು. ಸೆಕೆಂಡಿಗೆ ಸಾವಿರ ರಿಕ್ವೆಸ್ಟ್ ಬರುವ, ಇಂದಿನ ಮಟ್ಟಕ್ಕೆ ಮಧ್ಯಮ ಎನ್ನಬಹುದಾದ ವ್ಯವಸ್ಥೆಯಲ್ಲಿ ಅದು ದಿನಕ್ಕೆ ಸುಮಾರು 2,592 ಜಿಬಿ. ಅಮೆಜಾನಿನ ಕ್ಲೌಡ್‌ವಾಚ್ ಅಮೆರಿಕದ ಪೂರ್ವ ವಲಯದಲ್ಲಿ ಲಾಗು ಒಳಸೇರಿಸಲು ಜಿಬಿಗೆ 50 ಸೆಂಟ್ ದರ ಇಟ್ಟಿದೆ. ಆ ಲೆಕ್ಕಕ್ಕೆ ತಿಂಗಳಿಗೆ 38 ಸಾವಿರ ಡಾಲರಿಗೂ ಹೆಚ್ಚು, ಇನ್ನೂ ಒಬ್ಬರೂ ಒಂದು ಸಾಲನ್ನೂ ಓದಿರುವುದಿಲ್ಲ. ಅಲ್ಲಿ ಲಾಗ್ ಗುಂಪೊಂದನ್ನು ಸೃಷ್ಟಿಸಿ ಅವಧಿ ನಮೂದಿಸದೆ ಬಿಟ್ಟರೆ ಅದು ಎಂದೆಂದಿಗೂ ಅಳಿಯುವುದಿಲ್ಲ, ಮೂಲ ಸೆಟ್ಟಿಂಗೇ ಹಾಗಿದೆ. ಬಿಲ್ಲು ಕಂಡು ಗಾಬರಿಯಾದ ದಿನ ಯಾರೋ ಒಬ್ಬರು ಅವಸರದಲ್ಲಿ ಕತ್ತರಿ ಹಾಕುತ್ತಾರೆ. ಮೊದಲು ಹೋಗುವುದು ಯಾವುದು ಮುಖ್ಯವೆಂದು ಯಾರೂ ಗುರುತು ಹಾಕದ ಸಾಲುಗಳು. ಗುರುತನ್ನು ಯಾವ ಸಾಲಿಗೂ ಹಾಕಿಲ್ಲವಾದ್ದರಿಂದ ಬೇಕಾದ್ದೂ ಅವುಗಳೊಡನೆ ಹೋಗುತ್ತದೆ.

ದುಡ್ಡು ಹೋದರೆ ಮತ್ತೆ ಬಂದೀತು. ಜನರ ಗುಟ್ಟು ಹೊರಬಿದ್ದರೆ ಮರಳಿ ಒಳಗೆ ಸೇರದು. ಎಲ್ಲವನ್ನೂ ಬರೆದಿಡಿ ಎನ್ನುವವರ ಮೇಲೆ ನನ್ನ ಅತಿ ದೊಡ್ಡ ಆಕ್ಷೇಪ ಇದು.

2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಸಲಹೆ ಕೊಟ್ಟಿತು. ಹ್ಯಾಶ್ ಮಾಡಿ ಮುಚ್ಚಿಡುವ ಕ್ರಿಯೆ ಮುಗಿಯುವ ಮೊದಲೇ ಪಾಸ್‌ವರ್ಡುಗಳು ಒಳಗಿನ ಲಾಗೊಂದರಲ್ಲಿ ಬರೆಯಲ್ಪಡುತ್ತಿದ್ದವು. ಅದಕ್ಕೆ ಕೆಲವೇ ದಿನ ಮುಂಚೆ ಗಿಟ್‌ಹಬ್ ಕೂಡ ತನ್ನ ಸ್ವಲ್ಪ ಮಂದಿ ಬಳಕೆದಾರರಿಗೆ ಇಂಥದೇ ಸುದ್ದಿ ತಿಳಿಸಿತ್ತು. 2019ರ ಮಾರ್ಚಿನಲ್ಲಿ ಪತ್ರಕರ್ತ ಬ್ರಯನ್ ಕ್ರೆಬ್ಸ್ ವರದಿಯಿಂದ ಬೆಳಕಿಗೆ ಬಂದದ್ದು ಫೇಸ್‌ಬುಕ್ಕಿನ ಪ್ರಕರಣ: ಕೋಟಿಗಟ್ಟಲೆ ಪಾಸ್‌ವರ್ಡುಗಳು ನೌಕರರು ಓದಬಹುದಾದ ರೂಪದಲ್ಲಿ ಒಳಗಿನ ವ್ಯವಸ್ಥೆಗಳಲ್ಲಿ ಕೂತಿದ್ದವು. ಐರ್ಲೆಂಡಿನ ಡೇಟಾ ರಕ್ಷಣಾ ಆಯೋಗ ಆ ಕಾರಣಕ್ಕೆ 2024ರ ಸೆಪ್ಟೆಂಬರಿನಲ್ಲಿ ಮೆಟಾಗೆ 9.1 ಕೋಟಿ ಯೂರೋ ದಂಡ ಹಾಕಿತು. ಇವು ಯಾವುವೂ ಎಳೆಯ ಕಂಪನಿಗಳಲ್ಲ. ಪಾಸ್‌ವರ್ಡ್ ಕಾಯುವ ವಿದ್ಯೆಯನ್ನು ಇವಕ್ಕಿಂತ ಚೆನ್ನಾಗಿ ಬಲ್ಲವರು ಕಡಿಮೆ. ಡೇಟಾಬೇಸಿನ ಬಾಗಿಲಿಗೆ ಬಿಗಿ ಬೀಗ ಹಾಕಿದವರು ಲಾಗಿನ ಕಡೆಯ ಗೋಡೆಯನ್ನೇ ಕಟ್ಟಿರಲಿಲ್ಲ.

ಮೈಕ್ರೋಸರ್ವಿಸ್ ಪದ್ಧತಿಯಲ್ಲಿ ಈ ದೋಷ ಇನ್ನಷ್ಟು ಹರಡಿಕೊಳ್ಳುತ್ತದೆ. ಸೇವೆಗಳನ್ನು ಬೇರ್ಪಡಿಸುವುದರ ಒಂದು ದೊಡ್ಡ ಲಾಭವೆಂದರೆ ಮಾಹಿತಿಯೂ ಬೇರೆಯಾಗುವುದು. ಪೇಮೆಂಟ್ ಡೇಟಾಬೇಸನ್ನು ನಾಲ್ಕೈದು ಮಂದಿ ಮಾತ್ರ ಮುಟ್ಟಬಲ್ಲರು, ಆರೋಗ್ಯ ದಾಖಲೆಗಳ ಡೇಟಾಬೇಸನ್ನು ಇನ್ನೊಂದಿಷ್ಟು ಮಂದಿ. ಆಮೇಲೆ ಆ ಎಲ್ಲ ಸೇವೆಗಳೂ ತಾವು ಪಡೆದ ರಿಕ್ವೆಸ್ಟನ್ನು ಇಡಿಯಾಗಿ ಲಾಗಿಗೆ ಬರೆದು ಒಂದೇ ಭಂಡಾರಕ್ಕೆ ಕಳಿಸುತ್ತವೆ. ಆ ಭಂಡಾರದ ಕೀಲಿ ಕಂಪನಿಯ ಪ್ರತಿ ಡೆವಲಪರ್ ಕೈಯಲ್ಲಿದೆ, ನಿನ್ನೆ ಸೇರಿದ ಇಂಟರ್ನ್ ಕೈಯಲ್ಲೂ ಇದೆ. ಒಟಿಪಿ, ಆಧಾರ್ ಸಂಖ್ಯೆ, ಮನೆ ವಿಳಾಸ, ಸೆಷನ್ ಟೋಕನ್ ಎಲ್ಲವೂ ಅಲ್ಲಿ ಹುಡುಕಾಟಕ್ಕೆ ಅನುಕೂಲವಾಗುವಂತೆ ಇಂಡೆಕ್ಸ್ ಆಗಿ ಕೂತಿರುತ್ತವೆ. ಕಾರ್ಡಿನ ಹಿಂಬದಿಯ ಸಿವಿವಿ ಸಂಖ್ಯೆಯನ್ನು ವಹಿವಾಟು ದೃಢಪಟ್ಟ ಮೇಲೆ ಎನ್‌ಕ್ರಿಪ್ಟ್ ಮಾಡಿ ಕೂಡ ಇಟ್ಟುಕೊಳ್ಳಬಾರದೆಂದು ಪಿಸಿಐ ನಿಯಮ ಹೇಳುತ್ತದೆ; ಒಂದು ಡಿಬಗ್ ಸಾಲು ಆ ನಿಯಮವನ್ನು ಸೆಕೆಂಡಿಗೆ ಸಾವಿರ ಸಲ ಮುರಿಯಬಲ್ಲದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಗ್ರಾಹಕರು ತಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕೂ ಅದರಲ್ಲಿದೆ. ಲಾಗಿನ ಕೋಟ್ಯಂತರ ಸಾಲುಗಳೊಳಗೆ ಚದುರಿದ ಒಬ್ಬಳ ಫೋನ್ ನಂಬರನ್ನು ಅಳಿಸುವುದು ಹೇಗೆಂದು ‘ಎಲ್ಲವನ್ನೂ ಬರೆದಿಡಿ’ ಎನ್ನುವವರು ಮೊದಲು ಹೇಳಲಿ.

ಭಂಡಾರಕ್ಕೆ ಕಳಿಸುವ ಮುನ್ನ, ಲಾಗುಗಳನ್ನು ಒಟ್ಟುಗೂಡಿಸುವ ಕಲೆಕ್ಟರಿನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಕಿ ಗುಟ್ಟುಗಳನ್ನು ಮುಚ್ಚುತ್ತೇವೆ ಎಂಬ ಉತ್ತರ ಬರುತ್ತದೆ. ಅದು ಎರಡನೇ ಬಲೆಯಾಗಿ ಒಳ್ಳೆಯದು, ಮೊದಲನೆಯದಾಗಿ ಸಾಲದು. ಹನ್ನೆರಡು ಅಂಕಿಗಳ ಸಾಲು ಆಧಾರ್ ಸಂಖ್ಯೆಯೋ ಆರ್ಡರ್ ಸಂಖ್ಯೆಯೋ ಆ ಬಲೆಗೆ ತಿಳಿಯದು. ಯಾವ ಕಾಲಮ್ಮು ಬರೆಯಬಹುದು ಎಂಬ ಪಟ್ಟಿ ಕೋಡಿನಲ್ಲೇ ಇದ್ದು, ಪಟ್ಟಿಯಲ್ಲಿಲ್ಲದ್ದು ಬರೆಯಲಾಗದಂತೆ ಇರಬೇಕು. ಬರೆಯುವ ಸಾಧನದ ಮೇಲೂ ಕಣ್ಣಿರಬೇಕು. 2021ರ ಡಿಸೆಂಬರಿನಲ್ಲಿ ಲಾಗ್4ಶೆಲ್ ದೋಷ ಬಯಲಾದಾಗ ಜಗತ್ತಿನ ಜಾವಾ ತಂಡಗಳೆಲ್ಲ ನಿದ್ದೆಗೆಟ್ಟದ್ದು ಯಾವುದೋ ಅಪರೂಪದ ಭಾಗಕ್ಕಾಗಿ ಅಲ್ಲ. ಹೊರಗಿನವರು ಕಳಿಸಿದ ಒಂದು ಪಠ್ಯವನ್ನು ಜಾವಾದ ಲಾಗ್ ಲೈಬ್ರರಿ ಲಾಗ್4ಜೆ ಸುಮ್ಮನೆ ಬರೆದಿಡುವ ಬದಲು ಅದರೊಳಗಿನ ಆಜ್ಞೆಯನ್ನು ಪಾಲಿಸಿ ದೂರದ ಸರ್ವರಿನಿಂದ ಕೋಡ್ ತಂದು ಓಡಿಸುತ್ತಿತ್ತು. ಬಂದದ್ದನ್ನೆಲ್ಲ ಬರೆಯುತ್ತಿದ್ದ ವ್ಯವಸ್ಥೆಗೆ ದಾಳಿಕೋರನ ಪಠ್ಯ ಒಳಹೋಗಲು ದಾರಿಗಳೂ ಅಷ್ಟೇ ಹೆಚ್ಚು.

ಇನ್ನೊಂದು ಭ್ರಮೆ ಇದೆ: ಲಾಗಿನ ಕೊಳವೆ ಪಕ್ಕದಲ್ಲಿ ಸುಮ್ಮನೆ ಹರಿಯುತ್ತದೆ, ಅದು ನಿಂತರೆ ಹೆಚ್ಚೆಂದರೆ ಲಾಗು ಬರುವುದಿಲ್ಲ, ಮೂಲ ಕೆಲಸಕ್ಕೆ ಬಾಧೆಯಿಲ್ಲ ಎಂಬುದು. 2020ರ ನವೆಂಬರ್ 25ರಂದು ಅಮೆಜಾನಿನ ಉತ್ತರ ವರ್ಜೀನಿಯಾ ವಲಯದಲ್ಲಿ ನಡೆದದ್ದನ್ನು ಅಮೆಜಾನೇ ವಿವರವಾಗಿ ಬರೆದಿದೆ, ಈ ಕ್ಷೇತ್ರದವರೆಲ್ಲ ಓದಬೇಕಾದ ಬರಹ ಅದು. ಡೇಟಾ ಪ್ರವಾಹವನ್ನು ಒಯ್ಯುವ ಕಿನೆಸಿಸ್ ಸೇವೆಗೆ ಮುಂಬದಿಯಲ್ಲಿ ಇನ್ನಷ್ಟು ಸರ್ವರುಗಳನ್ನು ಸೇರಿಸಿದರು. ಅಲ್ಲಿ ಪ್ರತಿ ಸರ್ವರೂ ಉಳಿದ ಪ್ರತಿಯೊಂದಕ್ಕೂ ಒಂದೊಂದು ಥ್ರೆಡ್ ಇಟ್ಟುಕೊಳ್ಳುತ್ತಿದ್ದುದರಿಂದ ಆಪರೇಟಿಂಗ್ ಸಿಸ್ಟಮ್ ಅನುಮತಿಸಿದ ಥ್ರೆಡ್ ಮಿತಿ ಮೀರಿತು, ಕಿನೆಸಿಸ್ ಕುಸಿಯಿತು. ಬಳಕೆದಾರರ ಲಾಗಿನ್ ನೋಡಿಕೊಳ್ಳುವ ಕಾಗ್ನಿಟೋ ಸೇವೆ ತನ್ನ ಎಪಿಐ ಬಳಕೆಯ ವಿವರಗಳನ್ನು ವಿಶ್ಲೇಷಣೆಗಾಗಿ ಕಿನೆಸಿಸ್‌ಗೆ ಕಳಿಸುತ್ತಿತ್ತು. ಹೋದರೆ ಒಳ್ಳೆಯದು, ಹೋಗದಿದ್ದರೂ ಸರಿ ಎಂಬ ಲೆಕ್ಕದಲ್ಲಿ ಕಟ್ಟಿದ ದಾರಿ ಅದು. ಕಿನೆಸಿಸ್ ಬಹಳ ಹೊತ್ತು ಏಳದಿದ್ದಾಗ ಬಫರ್ ತುಂಬಿತು, ಬಫರಿನ ಕೋಡಿನಲ್ಲಿ ಅಡಗಿದ್ದ ದೋಷವೊಂದು ಎಚ್ಚೆತ್ತಿತು, ಕಾಗ್ನಿಟೋ ಸರ್ವರುಗಳು ಆ ಬಫರಿಗಾಗಿ ಕಾಯುತ್ತ ನಿಂತವು. ಜನರ ಲಾಗಿನ್ ಕೆಟ್ಟಿತು. ಕ್ಲೌಡ್‌ವಾಚ್ ಕೂಡ ಕಿನೆಸಿಸ್ ಮೇಲೆ ನಿಂತಿದ್ದರಿಂದ ನೋಡುವ ಕಣ್ಣೇ ಮಂಜಾಯಿತು. ಸೇವೆಗಳ ಸ್ಥಿತಿ ತಿಳಿಸುವ ಸಾರ್ವಜನಿಕ ಪುಟವನ್ನು ತಿದ್ದುವ ಸಾಧನ ಕಾಗ್ನಿಟೋ ಬಳಸುತ್ತಿದ್ದುದರಿಂದ ಗ್ರಾಹಕರಿಗೆ ಸುದ್ದಿ ಮುಟ್ಟಿಸುವುದೂ ತಡವಾಯಿತು.

ಅಮೆಜಾನಿನಲ್ಲಿ ಆದದ್ದು ನಮ್ಮ ಸಣ್ಣ ಕಂಪನಿಗಳಲ್ಲಿ ಹೆಸರಿಲ್ಲದೆ ಆಗುತ್ತಲೇ ಇರುತ್ತದೆ. ಲಾಗು ಕೂಡಿಡುವ ಎಲಾಸ್ಟಿಕ್‌ಸರ್ಚ್ ನಿಧಾನವಾಯಿತು, ಕಲೆಕ್ಟರಿನ ಸರದಿ ತುಂಬಿತು, ಲಾಗು ಬರೆಯುವ ಕರೆ ಉತ್ತರಕ್ಕೆ ಕಾದಿತು, ಅದನ್ನು ಕರೆದ ಪೇಮೆಂಟ್ ಥ್ರೆಡ್ ಅಲ್ಲೇ ನಿಂತಿತು. ಇಲ್ಲವೇ ಏಜೆಂಟ್ ಎಲ್ಲವನ್ನೂ ಡಿಸ್ಕಿಗೆ ಬರೆಯುತ್ತ ಹೋಗಿ ಡಿಸ್ಕು ತುಂಬಿ ಆ ಯಂತ್ರದ ಪಾಡುಗಳೆಲ್ಲ ಹೊರದೂಡಲ್ಪಟ್ಟವು. ಕೊಳವೆ ಕಟ್ಟಿದಾಗ ಕಾಯಬೇಕೋ ಬಿಸಾಡಬೇಕೋ, ಬಿಸಾಡುವುದಾದರೆ ಯಾವುದನ್ನು ಮೊದಲು, ಇದಕ್ಕೆ ಲಿಖಿತ ಉತ್ತರ ಬೇಕು. ಎಲ್ಲವೂ ಅಮೂಲ್ಯ ಎಂದು ಸಾಧಿಸುವವರು ಈ ಪ್ರಶ್ನೆಗೆ ಉತ್ತರಿಸಲಾರರು. ಒಂದನ್ನು ಬಿಡಲು ಒಪ್ಪದವರು ಆ ದಿನ ಮೂಲ ಸೇವೆಯನ್ನೇ ಬಿಟ್ಟುಕೊಡುತ್ತಾರೆ.

ಎದುರು ಪಕ್ಷದ ಅತ್ಯುತ್ತಮ ವಾದವನ್ನು ನಾನು ಗೌರವಿಸುತ್ತೇನೆ. ನಾಳೆ ಯಾವ ಪ್ರಶ್ನೆ ಎದ್ದೀತೆಂದು ಇಂದು ಯಾರಿಗೂ ಗೊತ್ತಿಲ್ಲ, ಇಂದು ಬಿಸಾಡಿದ ಸಾಲಿನಲ್ಲೇ ನಾಳೆಯ ಉತ್ತರ ಇದ್ದರೆ ಏನು ಮಾಡುವಿರಿ ಎನ್ನುತ್ತಾರೆ. ಆತಂಕ ನಿಜವಾದದ್ದು. ಪರಿಹಾರ ಮಾತ್ರ ಸಾಲುಗಳ ಸಂಖ್ಯೆಯಲ್ಲಿ ಇಲ್ಲ, ಸಾಲಿನ ಅಗಲದಲ್ಲಿದೆ. ಸ್ಟ್ರೈಪ್ ಕಂಪನಿಯವರು ಇದನ್ನು ಮಾಡಿ ತೋರಿಸಿದ್ದಾರೆ: ಒಂದು ರಿಕ್ವೆಸ್ಟಿಗೆ ಚೂರುಚೂರು ಸಾಲುಗಳ ಜೊತೆಗೆ, ಕೊನೆಯಲ್ಲಿ ಎಲ್ಲ ಮುಖ್ಯ ವಿವರಗಳನ್ನೂ ಹೊತ್ತ ಒಂದೇ ಒಂದು ಅಗಲವಾದ ಸಾಲು. ಯಾವ ಬಳಕೆದಾರ, ಯಾವ ಆವೃತ್ತಿಯ ಕೋಡ್, ಡೇಟಾಬೇಸಿನಲ್ಲಿ ಎಷ್ಟು ಹೊತ್ತು, ಎಷ್ಟನೇ ಯತ್ನ, ಕೊನೆಗೆ ಏನಾಯಿತು. ಅಂಥ ಸಾಲಿಗೆ ನಾಳೆಯ ಅನಿರೀಕ್ಷಿತ ಪ್ರಶ್ನೆ ಕೇಳಬಹುದು. ‘ಇಲ್ಲಿಗೆ ಬಂದೆ’ ಎಂಬ ಸಾವಿರ ಸಾಲಿಗೆ ಯಾವ ಪ್ರಶ್ನೆ ಕೇಳಿದರೂ ಉತ್ತರ ಅಷ್ಟೆ.

ಎಲ್ಲವನ್ನೂ ಇಡದೆ ಕೆಲವನ್ನಷ್ಟೇ ಆರಿಸಿಡುವ ಮಾದರಿ ಆಯ್ಕೆಗೂ (ಸ್ಯಾಂಪ್ಲಿಂಗ್) ಇಷ್ಟು ಹೆದರಬೇಕಿಲ್ಲ. ಡ್ಯಾಪರಿನ ಮೊದಲ ಆವೃತ್ತಿ 1,024 ರಿಕ್ವೆಸ್ಟುಗಳಲ್ಲಿ ಒಂದನ್ನು ಮಾತ್ರ ಹಿಂಬಾಲಿಸುತ್ತಿತ್ತು. ಗೂಗಲಿನಷ್ಟು ಭಾರ ಹೊತ್ತ ಸೇವೆಗಳಿಗೆ ಅದು ಸಾಕಾಯಿತು. ದಿನಕ್ಕೆ ಸಾವಿರ ಆರ್ಡರ್ ಬರುವ ಸೇವೆಗೆ ಅದೇ ಅಳತೆ ಸಲ್ಲದು ನಿಜ, ಅಲ್ಲಿ ಇನ್ನೊಂದು ದಾರಿ ಇದೆ. ರಿಕ್ವೆಸ್ಟ್ ಮುಗಿದ ಮೇಲೆ ತೀರ್ಮಾನಿಸುವುದು: ಕೆಟ್ಟದ್ದು ಮತ್ತು ತಡವಾದದ್ದು ಪೂರ್ತಿ ಉಳಿಯಲಿ, ಸುಗಮವಾಗಿ ನಡೆದುದರಲ್ಲಿ ನೂರಕ್ಕೊಂದು ಉಳಿಯಲಿ. ಓಪನ್‌ಟೆಲಿಮೆಟ್ರಿ ಕಲೆಕ್ಟರಿನಲ್ಲಿ ಟ್ರೇಸುಗಳಿಗೆ ಈ ಸೌಲಭ್ಯ ಇದೆ. ಒಂದು ಟ್ರೇಸಿನ ಎಲ್ಲ ತುಣುಕುಗಳೂ ಒಂದೇ ಕಲೆಕ್ಟರಿಗೆ ತಲುಪುವಂತೆ ಮುಂದೆ ಇನ್ನೊಂದು ಪದರ ಇಡಬೇಕು, ತೀರ್ಮಾನವಾಗುವ ತನಕ ತುಣುಕುಗಳನ್ನು ಮೆಮೊರಿಯಲ್ಲಿ ಹಿಡಿದಿರಬೇಕು. ಕಷ್ಟವಿದೆ. ತಿಂಗಳಿಗೆ 38 ಸಾವಿರ ಡಾಲರ್ ತೆತ್ತು ಯಾರೂ ಓದದ ಭಂಡಾರ ಇಟ್ಟುಕೊಳ್ಳುವುದಕ್ಕಿಂತ ಉತ್ತಮವಾದ ಕಷ್ಟ ಅದು.

ಕಾನೂನಿನ ನೆಪವೊಂದು ಉಳಿಯಿತು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಐಟಿ ವ್ಯವಸ್ಥೆಗಳ ಲಾಗುಗಳನ್ನು 180 ದಿನ ಭದ್ರವಾಗಿ ಕಾಪಾಡಬೇಕು, ಭದ್ರತಾ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಮ್ಯಾನೇಜರುಗಳು ಇದನ್ನು ತೋರಿಸಿ ಏನನ್ನೂ ಅಳಿಸಬೇಡಿ ಎನ್ನುತ್ತಾರೆ. ಕಾಪಾಡಿ ಎಂದು ಹೇಳಿದ ನಿರ್ದೇಶನ ಡಿಬಗ್ ಸಾಲುಗಳನ್ನು ಹುಟ್ಟಿಸಿ ಎಂದು ಎಲ್ಲೂ ಹೇಳಿಲ್ಲ, ಪಾಸ್‌ವರ್ಡ್ ಬರೆಯಿರಿ ಎಂದಂತೂ ಹೇಳಿಯೇ ಇಲ್ಲ. ಯಾರು ಒಳಬಂದರು, ಯಾರು ಯಾವ ದಾಖಲೆ ಮುಟ್ಟಿದರು, ಯಾರು ಯಾವ ಅಧಿಕಾರ ಬದಲಿಸಿದರು ಎಂಬ ಆಡಿಟ್ ದಾಖಲೆ ಬೇರೆಯೇ ಆದ ಹರಿವಿನಲ್ಲಿ, ಒಂದೂ ತಪ್ಪದಂತೆ, ತಿದ್ದಲಾಗದಂತೆ, ಅಗ್ಗದ ಆಬ್ಜೆಕ್ಟ್ ಸ್ಟೋರೇಜಿನಲ್ಲಿ ಇರಲಿ. ಅದರಲ್ಲಿ ಮಾದರಿ ಆಯ್ಕೆಯ ಮಾತೇ ಬೇಡ. ಡೆವಲಪರುಗಳ ದಿನನಿತ್ಯದ ಲಾಗು ಏಳು ದಿನಕ್ಕೋ ಹದಿನಾಲ್ಕು ದಿನಕ್ಕೋ ಹುಡುಕಾಟದ ಇಂಡೆಕ್ಸಿನಿಂದ ಹೊರಬೀಳಲಿ. ಎರಡನ್ನೂ ಒಂದೇ ರಾಶಿಗೆ ಹಾಕಿದವರಿಗೆ ಘಟನೆ ನಡೆದ ದಿನ ಆ 6 ಗಂಟೆ ಜೊಳ್ಳು ಹಾರಿಸುವುದರಲ್ಲೇ ಕಳೆದುಹೋಗುತ್ತದೆ.

ನಮ್ಮ ಲಾಗ್ ವ್ಯವಸ್ಥೆ ಸಿದ್ಧವಾಗಿದೆ ಎನ್ನುವ ತಂಡಕ್ಕೆ ನಾನು ಮೂರು ಪರೀಕ್ಷೆ ಕೇಳುತ್ತೇನೆ, ಮೂರೂ ಒಂದೇ ಮಧ್ಯಾಹ್ನದಲ್ಲಿ ಮುಗಿಯುವಂಥವು. ಟೆಸ್ಟ್ ಪರಿಸರದಲ್ಲಿ ನೈಜ ಪ್ರಮಾಣದ ಭಾರ ಹಾಕಿ ಲಾಗಿನ ಕೊಳವೆಯನ್ನು ಅರ್ಧ ಗಂಟೆ ಕತ್ತರಿಸಿ, ಲಾಗಿನ್ ಮತ್ತು ಪೇಮೆಂಟ್ ನಡೆಯುತ್ತವೆಯೇ ನೋಡಿ. ಒಂದು ಸುಳ್ಳು ಆಧಾರ್ ಸಂಖ್ಯೆ, ಒಂದು ಸುಳ್ಳು ಪಾಸ್‌ವರ್ಡ್ ಕೊಟ್ಟು ಹೊಸ ಖಾತೆ ತೆರೆದು, ಆಮೇಲೆ ಭಂಡಾರದಲ್ಲಿ ಅವೆರಡನ್ನೂ ಹುಡುಕಿ. ಕಳೆದ ವಾರ ಕೆಟ್ಟ ಒಂದು ಆರ್ಡರಿನ ಸಂಖ್ಯೆಯನ್ನು ಹೊಸದಾಗಿ ಸೇರಿದ ಎಂಜಿನಿಯರಿಗೆ ಕೊಟ್ಟು, ಅದು ಎಲ್ಲಿ ಹೊರಟು ಎಲ್ಲಿ ನಿಂತಿತೆಂದು ಯಾರನ್ನೂ ಕೇಳದೆ ಹೇಳಲು ಹತ್ತು ನಿಮಿಷ ಕೊಡಿ.